ನದಿಯ ವ್ಯಾಜ್ಯ, ಮೈದಾನದ ಚಪ್ಪಲಿ

2018ರ ಏಪ್ರಿಲ್ 10ರ ರಾತ್ರಿ ಚೆನ್ನೈಯ ಚೆಪಾಕ್ ಮೈದಾನದಲ್ಲಿ ಐಪಿಎಲ್ ಪಂದ್ಯ ನಡೆಯುತ್ತಿದ್ದಾಗ ಪ್ರೇಕ್ಷಕರ ನಡುವಿನಿಂದ ಆಟಗಾರರತ್ತ ಚಪ್ಪಲಿಗಳು ತೂರಿ ಬಂದವು. ಎಸೆದವರ ಸಿಟ್ಟು ಚೆಂಡಿನ ಮೇಲೂ ಇರಲಿಲ್ಲ, ದಾಂಡಿನ ಮೇಲೂ ಇರಲಿಲ್ಲ; ಅದು ಕಾವೇರಿಯದು. ಅದೇ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯ ತಮಿಳುನಾಡಿಗೆ ಬಿಳಿಗುಂಡ್ಲುವಿನಲ್ಲಿ ಹರಿಸಬೇಕಾದ ನೀರನ್ನು 192 ಟಿಎಂಸಿಯಿಂದ 177.25ಕ್ಕೆ ಇಳಿಸಿ, ಉಳಿದ 14.75 ಟಿಎಂಸಿಯನ್ನು ಕರ್ನಾಟಕಕ್ಕೆ ಕೊಟ್ಟಿತ್ತು. ನಿರ್ವಹಣೆಯ ಯೋಜನೆಯನ್ನು ಆರು ವಾರಗಳೊಳಗೆ ರೂಪಿಸುವಂತೆ ಕೇಂದ್ರಕ್ಕೆ ಹೇಳಿತ್ತು. ಆರು ವಾರ ಕಳೆದವು. ಕೇಂದ್ರ ಸರಕಾರವು ಸ್ಪಷ್ಟೀಕರಣ ಬೇಕೆಂದು, ಕರ್ನಾಟಕದಲ್ಲಿ ಚುನಾವಣೆಯಿದೆ ಎಂದು, ಮತ್ತೆ ನ್ಯಾಯಾಲಯದ ಬಾಗಿಲು ತಟ್ಟಿತು. ಪ್ರಾಧಿಕಾರ ಅಧಿಸೂಚಿತವಾದದ್ದು ಜೂನ್ ಒಂದರಂದು, ನಮ್ಮ ರಾಜ್ಯದ ಮತದಾನ ಬಹುತೇಕ ಮುಗಿದ ಮೇಲೆ.

ಕನ್ನಡಿಗರಾದ ನಮಗೆ ಆ ತೀರ್ಪು ಒಂದಿಷ್ಟು ಸಮಾಧಾನ ತಂದಿತ್ತೆಂಬುದನ್ನು ಮರೆಮಾಚುವ ಅಗತ್ಯವಿಲ್ಲ. ಆದರೆ ತಂಜಾವೂರಿನ ರೈತನ ಅಸಹನೆ ನಮಗೆ ಅರ್ಥವಾಗದ ಭಾಷೆಯದೇನೂ ಅಲ್ಲ. ಮಂಡ್ಯದ ರೈತನೂ 1991ರ ಮಧ್ಯಂತರ ಆದೇಶದಿಂದ ಮೊದಲ್ಗೊಂಡು ಅದೇ ಭಾಷೆಯನ್ನು ಆಡಿದ್ದಾನೆ. ನ್ಯಾಯಪೀಠ ದೆಹಲಿಯಲ್ಲಿದೆ, ಕೈಗೆ ಎಟಕುವುದಿಲ್ಲ. ಮೈದಾನ ಊರ ನಡುವೆಯೇ ಇದೆ, ಅದಕ್ಕೆ ದೀಪಗಳಿವೆ, ಕ್ಯಾಮೆರಾಗಳಿವೆ. ಚಪ್ಪಲಿ ಅಲ್ಲಿಗೆ ಹೋಗಿ ಬೀಳುವುದು ಅದರಿಂದಲೇ. ತಪ್ಪು ವಿಳಾಸಕ್ಕೆ ಹಾಕಿದ ಕಾಗದವದು, ನಿಜ. ಸರಿಯಾದ ವಿಳಾಸದಲ್ಲಿ ಕಾಗದ ತೆಗೆದುಕೊಳ್ಳುವವರು ಯಾರಾದರೂ ಇದ್ದರೇ?

ಆ ಮೇಲಿನ ಕತೆ ನಮ್ಮ ಮಹಾರಾಷ್ಟ್ರದ್ದು. ಚೆನ್ನೈ ತಂಡದ ಉಳಿದ ತವರು ಪಂದ್ಯಗಳು ಪುಣೆಗೆ ಬಂದವು. ಬಂದೊಡನೆ ಮುಂಬಯಿ ಉಚ್ಚ ನ್ಯಾಯಾಲಯದಲ್ಲಿ ಮತ್ತೊಂದು ನೀರಿನ ಪ್ರಶ್ನೆ ಎದ್ದಿತು: ಪುಣೆಯ ಆ ಮೈದಾನಕ್ಕೆ ಪವನಾ ನದಿಯ ನೀರು ಏಕೆ? ಕೊಡಕೂಡದೆಂದು ನ್ಯಾಯಾಲಯ ತಡೆಯೊಡ್ಡಿತು. ಪವನಾ ನೀರಿನ ಕೊಳವೆ ಮಾರ್ಗವನ್ನು ವಿರೋಧಿಸಿ 2011ರ ಆಗಸ್ಟಿನಲ್ಲಿ ರಸ್ತೆಗಿಳಿದ ಮಾವಳ ತಾಲ್ಲೂಕಿನ ರೈತರ ಮೇಲೆ ಗೋಲಿಬಾರ್ ನಡೆದು ಮೂವರು ಸತ್ತಿದ್ದರು. ಕಾವೇರಿಯ ಜಗಳದಿಂದ ತಪ್ಪಿಸಿಕೊಂಡು ಬಂದ ಆಟ ಪವನಾ ದಂಡೆಗೆ ಬಂದು ನಿಂತಿತ್ತು. ಈ ದೇಶದಲ್ಲಿ ವ್ಯಾಜ್ಯವಿಲ್ಲದ ನದಿಯನ್ನು ಹುಡುಕಿ ಹೊರಟರೆ ಯಾವ ತಂಡಕ್ಕೂ ತವರೂರು ಸಿಗಲಾರದು.

ಇದಕ್ಕೂ ಎರಡು ವರ್ಷ ಹಿಂದೆ, 2016ರ ಬೇಸಿಗೆಯಲ್ಲಿ, ಅದೇ ಉಚ್ಚ ನ್ಯಾಯಾಲಯ ಏಪ್ರಿಲ್ 30ರ ಅನಂತರದ ಐಪಿಎಲ್ ಪಂದ್ಯಗಳನ್ನೆಲ್ಲ ಮಹಾರಾಷ್ಟ್ರದಿಂದ ಹೊರಗೆ ಕಳುಹಿಸಿತು. ಆ ದಿನಗಳನ್ನು ಡೊಂಬಿವಲಿ, ಕಲ್ಯಾಣ, ಠಾಣೆಗಳ ಗೃಹಿಣಿಯರು ಮರೆತಿರಲಾರರು. ಬಾರವಿ ಅಣೆಕಟ್ಟು ತಳ ಕಾಣುತ್ತಿತ್ತು. ವಾರದಲ್ಲಿ ಇಂತಿಂಥ ದಿನ ನೀರು ಬಂದ್ ಎಂಬ ಸೂಚನೆ ಸೊಸೈಟಿಯ ಫಲಕದ ಮೇಲೆ ಖಾಯಂ ಆಗಿತ್ತು. ಲಾತೂರಿಗೆ ಮಿರಜದಿಂದ ರೈಲಿನಲ್ಲಿ ನೀರು ಹೋಗುತ್ತಿತ್ತು. ಇಂಥ ಹೊತ್ತಿನಲ್ಲಿ ಪಿಚ್ಚಿಗೆ ಅರವತ್ತು ಲಕ್ಷ ಲೀಟರ್ ನೀರು ಸುರಿಯುವರೆಂದು ಅರ್ಜಿದಾರರು ಹೇಳಿದಾಗ ನ್ಯಾಯಾಧೀಶರಿಗೆ ಸಿಟ್ಟು ಬಂದದ್ದು ಸಹಜವೇ. ಶುದ್ಧೀಕರಿಸಿದ ಕೊಳಚೆ ನೀರನ್ನು ಬಳಸುತ್ತೇವೆ, ಬರ ಪರಿಹಾರ ನಿಧಿಗೆ ಹಣ ಕೊಡುತ್ತೇವೆ ಎಂದು ಕ್ರಿಕೆಟ್ ಮಂಡಳಿಯ ಕಡೆಯವರು ಹೇಳಿದ್ದೂ ನಿಲ್ಲಲಿಲ್ಲ.

ನಮ್ಮಲ್ಲಿ ಹಲವರು ಅಂದು ಆ ಆದೇಶವನ್ನು ಮೆಚ್ಚಿದ್ದೆವು. ಈಗಲೂ ಅದರ ನೈತಿಕ ತೂಕವನ್ನು ಅಲ್ಲಗಳೆಯುವುದಿಲ್ಲ. ಆದರೆ ಅದರಿಂದ ಲಾತೂರಿನ ಯಾವ ಕೊಡ ತುಂಬಿತು? ಮರಾಠವಾಡದ ಬರದಲ್ಲಿ ಕಬ್ಬಿನ ಪಾಲೆಷ್ಟು, ಸಕ್ಕರೆ ಕಾರಖಾನೆಗಳನ್ನು ಮಳೆಯಿಲ್ಲದ ಸೀಮೆಗೆ ಒಯ್ದವರು ಯಾರು ಎಂಬ ಪ್ರಶ್ನೆಗಳಿಗೆ ಆ ಆದೇಶದಲ್ಲಿ ಉತ್ತರವಿರಲಿಲ್ಲ. ಹದಿಮೂರು ಪಂದ್ಯಗಳನ್ನು ಎತ್ತಿ ಆಚೆಗಿಡುವುದು ಒಂದು ಸಕ್ಕರೆ ಕಾರಖಾನೆಯನ್ನು ಮುಟ್ಟುವುದಕ್ಕಿಂತ ಸುಲಭ. ಅಂತಿಮ ಪಂದ್ಯವೂ ಮುಂಬಯಿಯಿಂದ ಬೆಂಗಳೂರಿಗೆ ಹೋಯಿತು. ಆ ವರ್ಷ ಉತ್ತರ ಕರ್ನಾಟಕವೂ ಬರದಲ್ಲಿ ಬೇಯುತ್ತಿತ್ತು. ಕಲಬುರಗಿಯ ಬಾಯಾರಿಕೆ ಲಾತೂರಿನದಕ್ಕಿಂತ ಕಡಿಮೆಯದೆಂದು ಯಾರು ಅಳೆದರೋ! ಮೇ 29ರ ರಾತ್ರಿ ನಮ್ಮ ತಂಡ ಎಂಟು ರನ್ನುಗಳಿಂದ ಸೋತಿತು ಎಂಬುದಷ್ಟೇ ಜನರ ನೆನಪಿನಲ್ಲಿ ಉಳಿದಿದೆ.

ನ್ಯಾಯಾಲಯವೂ ಆಟವನ್ನು ಸಂದೇಶದ ಹಲಗೆಯಾಗಿ ಬಳಸುತ್ತದೆ ಎಂದ ಮೇಲೆ ಆಟದ ಒಡೆಯರು ಸುಮ್ಮನಿರುವರೇ? ಬೆಂಗಳೂರು ತಂಡ 2011ರಿಂದ ಋತುವಿಗೊಂದು ಪಂದ್ಯವನ್ನು ಹಸಿರು ಅಂಗಿ ತೊಟ್ಟು ಆಡುತ್ತಿದೆ. ಪರಿಸರ ಪ್ರಜ್ಞೆಗಾಗಿ ಎನ್ನುತ್ತಾರೆ. ಠಾಣೆಯಲ್ಲಿ, ನೆರುಳಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳು ಆ ಅಂಗಿಯನ್ನು ಹಟ ಹಿಡಿದು ಕೊಳ್ಳುತ್ತಾರೆ. ಕನ್ನಡ ಓದಲು ಬಾರದ ಮಗುವಿಗೂ ಅದು ತವರಿನ ಗುರುತು. ಆ ಪ್ರೀತಿಯನ್ನು ನಾವು ಹಗುರಾಗಿ ಕಾಣುವುದಿಲ್ಲ. ಆದರೆ ಅದೇ ಅಂಗಿಯ ಎದೆಯ ಮೇಲೆ ಪ್ರಾಯೋಜಕರ ಹೆಸರಿರುತ್ತದೆ, ಪಂದ್ಯದ ನಡುನಡುವೆ ಪಾನ್ ಮಸಾಲೆಯ ಜಾಹೀರಾತು ಬರುತ್ತದೆ. ಆಟದಲ್ಲಿ ರಾಜಕೀಯ ಬೇಡ ಎನ್ನುವ ಮಾತು ಕೇಳಿಬರುವುದು ಸಂದೇಶಕ್ಕೆ ಬೆಲೆ ತೆರಬೇಕಾದಾಗ ಮಾತ್ರ. ಮಾರಾಟವಾಗುವ ಸಂದೇಶಕ್ಕೆ ಯಾರ ಆಕ್ಷೇಪವೂ ಇಲ್ಲ.

ಸರ್ವೋಚ್ಚ ನ್ಯಾಯಾಲಯದ ವಿಳಂಬವನ್ನು ಹೊರನಾಡಿನ ನಾವು ಕಾವೇರಿಗಿಂತ ಹತ್ತಿರದಲ್ಲಿ ಕಂಡಿದ್ದೇವೆ. ಬೆಳಗಾವಿ ಮೊದಲಾದ ಪ್ರದೇಶಗಳಿಗಾಗಿ ಮಹಾರಾಷ್ಟ್ರ ಹೂಡಿದ ದಾವೆ 2004ರದು. ಆ ವರ್ಷ ಹುಟ್ಟಿದ ನಮ್ಮ ಮಕ್ಕಳು ಪದವಿ ಮುಗಿಸಿದರು. 1967ರ ಮಹಾಜನ ವರದಿಯೇ ಕೊನೆಯ ಮಾತೆಂದು ನಾವು ನಂಬಿದ್ದರೂ, ದಾವೆ ನಿಲ್ಲುವುದೋ ಬೀಳುವುದೋ ಎಂಬುದನ್ನಾದರೂ ಹೇಳಿಬಿಡಲಿ ಎಂಬ ಬೇಸರ ಗಡಿಯ ಎರಡೂ ಕಡೆ ಇದೆ. ತೀರ್ಪಿಲ್ಲದ ಜಾಗದಲ್ಲಿ ಕಲ್ಲು ಮಾತಾಡುತ್ತದೆ. 2022ರ ಡಿಸೆಂಬರಿನಲ್ಲಿ ಹಿರೇಬಾಗೇವಾಡಿ ಟೋಲ್ ಬಳಿ ಮಹಾರಾಷ್ಟ್ರದ ಲಾರಿಗಳ ಮೇಲೆ ಕಲ್ಲು ಬಿತ್ತು. ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಕಪ್ಪು ಬಳಿದರು. ಆ ಲಾರಿಯ ಚಾಲಕನೂ ಆ ಬಸ್ಸಿನ ನಿರ್ವಾಹಕನೂ ದಾವೆಯಲ್ಲಿ ವಾದಿಯೂ ಅಲ್ಲ, ಪ್ರತಿವಾದಿಯೂ ಅಲ್ಲ. ಮೈದಾನದ ಆಟಗಾರನಿಗಾದರೋ ಕಾವಲಿತ್ತು.

2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ, ವಿಜಯೋತ್ಸವದ ನೂಕುನುಗ್ಗಲಿನಲ್ಲಿ, ಹನ್ನೊಂದು ಜನ ಸತ್ತರು. ಕರ್ನಾಟಕ ಉಚ್ಚ ನ್ಯಾಯಾಲಯ ಮರುದಿನವೇ ಸ್ವಯಂಪ್ರೇರಿತವಾಗಿ ಪ್ರಕರಣವನ್ನು ಕೈಗೆತ್ತಿಕೊಂಡಿತು. ಬೆಂಗಳೂರಿನಲ್ಲಿ ನಡೆಯಬೇಕಿದ್ದ ಮಹಿಳಾ ವಿಶ್ವಕಪ್ ಪಂದ್ಯಗಳು ನಮ್ಮ ನೆರುಳಿನ ಡಿ.ವೈ. ಪಾಟೀಲ್ ಕ್ರೀಡಾಂಗಣಕ್ಕೆ ಬಂದವು. ನವೆಂಬರ್ 2ರಂದು ಅಲ್ಲಿಯೇ ಭಾರತದ ಹೆಣ್ಣುಮಕ್ಕಳು ದಕ್ಷಿಣ ಆಫ್ರಿಕವನ್ನು 52 ರನ್ನುಗಳಿಂದ ಗೆದ್ದು ಕಪ್ ಎತ್ತಿದರು. 2016ರಲ್ಲಿ ಬರ ಇಲ್ಲಿಂದ ಅಲ್ಲಿಗೆ ಕಳುಹಿಸಿದ್ದನ್ನು 2025ರಲ್ಲಿ ಸಾವು ಅಲ್ಲಿಂದ ಇಲ್ಲಿಗೆ ಕಳುಹಿಸಿತು.

ಹೀಗಿರುವಾಗ ಆಟವು ಸಮಾಜದಿಂದ ದೂರವಿರಲಿ ಎಂದು ನಾವು ಕೇಳಲಾರೆವು. ಬೆಂಗಳೂರು ತಂಡದವರಲ್ಲಿ ನಮ್ಮ ಕೋರಿಕೆ ಬೇರೆಯದು. ಹಸಿರು ಅಂಗಿ ತೊಡುವ ದಿನ ಆ ಮೈದಾನಕ್ಕೆ ಎಷ್ಟು ನೀರು ಹೋಯಿತು, ಅದರಲ್ಲಿ ಕಾವೇರಿಯದೆಷ್ಟು, ಶುದ್ಧೀಕರಿಸಿದ್ದೆಷ್ಟು ಎಂಬ ಲೆಕ್ಕವನ್ನು ಓಟಗಳ ಲೆಕ್ಕದ ಪಕ್ಕದಲ್ಲೇ ತೋರಿಸಲಿ. ಟಿಕೇಟಿನ ಹಿಂಬದಿಯಲ್ಲಿ ಹೊರಹೋಗುವ ದಾರಿಗಳ ನಕ್ಷೆ ಅಚ್ಚಾಗಲಿ. ಕನ್ನಡದಲ್ಲಿ.