ಆ್ಯಪ್‌ನಲ್ಲಿ ಕಾಣದ ಮನೆಗಳು

ಬೆಂಗಳೂರಿನಲ್ಲಿ ಮನೆ ಕೊಳ್ಳಲು ಹೊರಟವರ ಫೋನ್ ನೋಡಿದ್ರೆ ಸಾಕು, ಗೊತ್ತಾಗಿಬಿಡುತ್ತೆ. ಮೂರು ಪ್ರಾಪರ್ಟಿ ಆ್ಯಪ್, ಮೂರರಲ್ಲೂ ಅದೇ ಫ್ಲಾಟ್, ಮೂವರು ಬ್ರೋಕರ್‌ಗಳ ಹೆಸರಲ್ಲಿ, ಮೂರು ರೇಟಿಗೆ. ಒಮ್ಮೆ ನಂಬರ್ ಕೊಟ್ಟರೆ ಮುಗೀತು, ಮೀಟಿಂಗ್ ನಡುವೆಯೂ ‘ಸಾರ್, ಸೈಟ್ ವಿಸಿಟ್ ಯಾವಾಗ ಬರ್ತೀರಾ?’ ಅಂತ ಕರೆ.

ಈ ಕಾಟ ಕೊಳ್ಳುವವರಿಗೆ ಮಾತ್ರ ಅಂದ್ಕೋಬೇಡಿ. ಮಾರುವವರಿಗೆ ಇನ್ನೂ ಹೆಚ್ಚು. ಜಯನಗರದಲ್ಲೋ ಮಲ್ಲೇಶ್ವರದಲ್ಲೋ ಮೂವತ್ತು ವರ್ಷ ಬಾಳಿದ ಮನೆ, ಮಕ್ಕಳು ಹೊರದೇಶದಲ್ಲಿ, ಮೆಟ್ಟಿಲು ಹತ್ತೋಕೆ ಮಂಡಿ ನೋವು. ಅಂಥ ಹಿರಿಯರು ತಮ್ಮ ಹಾಲ್, ಅಡುಗೆಮನೆ, ದೇವರಮನೆಯ ಫೋಟೊ ತೆಗೆದು ಊರಿಗೆಲ್ಲ ತೋರಿಸಲು ಇಷ್ಟಪಡಲ್ಲ. ‘ಯಾಕೆ ಮಾರ್ತಿದ್ದೀರಾ, ಸಾಲ ಏನಾದ್ರೂ ಇತ್ತಾ?’ ಎನ್ನುವ ನೆಂಟರ ಪ್ರಶ್ನೆಯೂ ಬೇಡ. ಹಾಗಾಗಿ ಅವರು ಹೇಳೋದು ಎದುರು ಮನೆಯವರಿಗೆ, ವಾಕಿಂಗ್ ಗೆಳೆಯರಿಗೆ, ಬೀದಿ ಕೊನೆಯ ಇಸ್ತ್ರಿ ಅಂಗಡಿಯವನಿಗೆ. ಮನೆ ಅಷ್ಟರಲ್ಲೇ ಕೈ ಬದಲಾಗುತ್ತೆ. ನಿಮ್ಮ ಫಿಲ್ಟರ್‌ಗೆ ಅದು ಸಿಗೋದೇ ಇಲ್ಲ.

ಆದ್ದರಿಂದ ಇಡೀ ಬೆಂಗಳೂರು ಹುಡುಕೋದು ಬಿಡಿ. ನಿಜವಾಗಿ ಬದುಕಬಹುದು ಅನ್ನಿಸುವ ಒಂದೆರಡು ಬಡಾವಣೆ ಆರಿಸಿಕೊಂಡು ಭಾನುವಾರ ಬೆಳಿಗ್ಗೆ ನಡೀರಿ. ನಂದಿನಿ ಬೂತ್‌ನಲ್ಲಿ ಹಾಲು ತಗೊಳ್ಳಿ, ದರ್ಶಿನಿಯಲ್ಲಿ ಕಾಫಿ ಕುಡೀರಿ, ಕೇಳಿ. ‘ಮನೆ ಇದೆಯಾ?’ ಅಂದ್ರೆ ಬಾಡಿಗೆಗೆ ಅಂತ ತಿಳೀತಾರೆ. ‘ಕೊಂಡ್ಕೊಳ್ಳೋಕೆ, ನಾವೇ ಇರೋಕೆ’ ಅಂತ ಬಿಡಿಸಿ ಹೇಳಿ. ಮೊದಲ ವಾರ ಏನೂ ಸಿಗಲ್ಲ. ಮೂರನೇ ವಾರ ಇಸ್ತ್ರಿಯವನೇ ಕರೆದು ‘ಸಾರ್, ಸೆಕೆಂಡ್ ಕ್ರಾಸ್ ಅಜ್ಜಿ ಮನೆ ಕೊಡ್ತಾರಂತೆ’ ಅನ್ನಬಹುದು. ಹಿರಿಯರಿಗೆ ಬೆಲೆ ಒಂದೇ ಅಲ್ಲ, ಯಾರು ಬರ್ತಾರೆ ಅನ್ನೋದೂ ಮುಖ್ಯ. ಒಡೆದು ನಾಲ್ಕಂತಸ್ತು ಕಟ್ಟುವ ಬಿಲ್ಡರ್‌ಗಿಂತ ಚಿಕ್ಕ ಸಂಸಾರಕ್ಕೆ ಕೊಡಲು ಮನಸ್ಸು ಮಾಡುವವರಿದ್ದಾರೆ. ಜೊತೆಗೆ ಅಪ್ಪ ಅಮ್ಮನನ್ನು ಕರ್ಕೊಂಡು ಹೋದರೆ ಮಾತು ಬೇಗ ಕೂಡುತ್ತೆ, ಇದು ನನ್ನ ಅನಿಸಿಕೆ.

ಅಪಾರ್ಟ್‌ಮೆಂಟ್ ಬೇಕಿದ್ದರೆ ದಾರಿ ಇನ್ನೂ ಸುಲಭ. ಅಲ್ಲೇ ಬಾಡಿಗೆಗಿರುವ ಸಹೋದ್ಯೋಗಿಯನ್ನು ಹಿಡೀರಿ. ನಿವಾಸಿಗಳ ವಾಟ್ಸಾಪ್ ಗ್ರೂಪ್‌ನಲ್ಲಿ ಮಾರಾಟದ ಸುದ್ದಿ ಹೊರಗಿನವರಿಗಿಂತ ಮೊದಲೇ ಬಂದಿರುತ್ತೆ. ಯಾವ ಫ್ಲಾಟ್‌ಗೆ ತಿಂಗಳುಗಟ್ಟಲೆ ಬೀಗ ಬಿದ್ದಿದೆ ಅಂತ ಸೆಕ್ಯುರಿಟಿಯವರಿಗೆ ಗೊತ್ತು.

ಇನ್ನು ಪೇಪರ್. ನಗಬೇಡಿ. ಭಾನುವಾರದ ಕ್ಲಾಸಿಫೈಡ್ ಅಷ್ಟೇ ಅಲ್ಲ, ಬ್ಯಾಂಕುಗಳ ಹರಾಜು ಪ್ರಕಟಣೆಗಳನ್ನೂ ಓದಿ. ಸಾಲ ತೀರದಾಗ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕ್ ಅಡವಿಟ್ಟ ಮನೆಯನ್ನು ವಶಕ್ಕೆ ಪಡೆದು ಮಾರುತ್ತೆ. ಸರ್ಕಾರಿ ಬ್ಯಾಂಕುಗಳ ಇಂಥ ಆಸ್ತಿಗಳೆಲ್ಲ ‘ಬ್ಯಾಂಕ್‌ನೆಟ್’ ಪೋರ್ಟಲ್‌ನಲ್ಲಿ ಒಂದೇ ಕಡೆ ಸಿಗುತ್ತವೆ. ಬೆಲೆ ಆಸೆ ಹುಟ್ಟಿಸುತ್ತೆ, ನಿಜ. ಆದರೆ ಹರಾಜು ಗೆದ್ದ ದಿನ ಅಥವಾ ಮರುದಿನದ ಕೆಲಸದ ವೇಳೆಗೆ, ಮೊದಲೇ ಕಟ್ಟಿದ ಠೇವಣಿ ಸೇರಿ 25% ಕಟ್ಟಬೇಕು. ಉಳಿದದ್ದು ಮಾರಾಟ ಖಚಿತವಾದ 15 ದಿನದೊಳಗೆ. ಬರವಣಿಗೆಯಲ್ಲಿ ಒಪ್ಪಿಗೆಯಾದರೆ ಗಡುವು ವಿಸ್ತರಿಸಬಹುದು, ಅದೂ 3 ತಿಂಗಳು ಮೀರುವಂತಿಲ್ಲ. ಹೋಮ್ ಲೋನ್ ನಂಬಿಕೊಂಡವರಿಗೆ ಇದು ಬಿಗಿ. ಪ್ರಕಟಣೆಯಲ್ಲಿ ಒಂದು ಪದ ಹುಡುಕಿ: ವಶ ‘ಸಾಂಕೇತಿಕ’ವೋ, ‘ಭೌತಿಕ’ವೋ? ಸಾಂಕೇತಿಕ ಅಂದ್ರೆ ಒಳಗೆ ಇನ್ನೂ ಜನ ಇರಬಹುದು. ಮಕ್ಕಳಿರುವ ಸಂಸಾರವನ್ನು ಹೊರಹಾಕಿಸಿ ಗೃಹಪ್ರವೇಶ ಮಾಡೋಕೆ ನಿಮ್ಮ ಮನಸ್ಸು ಒಪ್ಪುತ್ತಾ ಅಂತ ಬಿಡ್ ಮಾಡುವ ಮೊದಲು ಯೋಚಿಸಿ. ವಿದ್ಯುತ್, ಆಸ್ತಿ ತೆರಿಗೆ, ಮೇಂಟೆನೆನ್ಸ್ ಬಾಕಿಗಳೂ ಸಾಮಾನ್ಯವಾಗಿ ನಿಮ್ಮ ತಲೆಗೇ.

ಬಿಡಿಎ ಕೂಡ ಕಣಿಮಿಣಿಕೆಯಂಥ ಕಡೆ ಕಟ್ಟಿದ ಫ್ಲಾಟ್‌ಗಳನ್ನು ನೇರವಾಗಿ ಮಾರಿದೆ, ಮೂಲೆ ನಿವೇಶನಗಳನ್ನು ಹರಾಜು ಹಾಕುತ್ತೆ. ದೂರ ಓಡಾಡಲು ತಯಾರಿರುವವರು ಅವರ ಪ್ರಕಟಣೆ ಗಮನಿಸಿ.

ಬಾಯಿಂದ ಬಾಯಿಗೆ ಬಂದ ಮನೆಯಲ್ಲಿ ತೊಡಕು ಬೇರೆಯೇ. ‘ನಮ್ಮವರೇ, ಗುರುತಿನವರೇ’ ಅಂತ ಯಾರೂ ಕಾಗದ ನೋಡಲ್ಲ. ನೀವು ನೋಡಿ. ಇಸಿಯನ್ನು ಕಾವೇರಿ ಪೋರ್ಟಲ್‌ನಲ್ಲಿ ನೀವೇ ತೆಗೀಬಹುದು. ಇ-ಖಾತಾ ಇದೆಯಾ ಕೇಳಿ, ಇಲ್ಲದಿದ್ದರೆ ಬೆಂಗಳೂರಿನಲ್ಲಿ ನೋಂದಣಿ ಆಗಲ್ಲ. ‘ಜಿಪಿಎ ಮಾಡಿಕೊಡ್ತೀವಿ, ರಿಜಿಸ್ಟ್ರೇಷನ್ ಆಮೇಲೆ’ ಅಂದರೆ ಕಾಫಿ ಕುಡಿದು ಎದ್ದು ಬನ್ನಿ. ಜಿಪಿಎ ಮೂಲಕ ಮಾಡುವ ಮಾರಾಟದಿಂದ ಒಡೆತನ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಮಾರುವವರು ಎನ್‌ಆರ್‌ಐ ಆಗಿದ್ದರೆ ಇನ್ನೊಂದು ವಿಷಯ. ಇಲ್ಲೇ ವಾಸವಿರುವವರಿಂದ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಮನೆ ಕೊಂಡರೆ ನೀವು 1% ಟಿಡಿಎಸ್ ಹಿಡಿಯಬೇಕು. ಎನ್‌ಆರ್‌ಐಗೆ ಆ 1% ಅನ್ವಯಿಸಲ್ಲ, ಹಿಡಿಯಬೇಕಾದ್ದು ತುಂಬಾ ಜಾಸ್ತಿ. ಹಿಡಿಯದಿದ್ದರೆ ಇಲಾಖೆ ಬಂದು ಕೇಳೋದು ಅಮೆರಿಕದಲ್ಲಿರುವ ಮಗನನ್ನಲ್ಲ, ಕೊಂಡ ನಿಮ್ಮನ್ನು. ಮಾತುಕತೆಯ ಮೊದಲ ದಿನವೇ ಒಬ್ಬ ಆಡಿಟರ್‌ನ ಕೇಳಿಬಿಡಿ.

ಹಳೇ ಮನೆ ಅಂದ್ಮೇಲೆ ವಾರಸುದಾರರ ಲೆಕ್ಕ ಇದ್ದೇ ಇರುತ್ತೆ. ವಂಶವೃಕ್ಷ ಕೇಳಿ ಪಡೆಯಿರಿ, ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರೂ ಅದರಲ್ಲಿದೆಯಾ ನೋಡಿ. ಮುಂಗಡ ಕೊಡುವ ಮೊದಲು ವಕೀಲರಿಂದ ಪೇಪರ್‌ನಲ್ಲಿ ಸಾರ್ವಜನಿಕ ಪ್ರಕಟಣೆ ಹಾಕಿಸಿ. ಮೈಸೂರಿನಲ್ಲಿ ನನ್ನ ಗೆಳತಿಯೊಬ್ಬಳು ಹೀಗೆ ಹಾಕಿಸಿದಾಗ, ಹನ್ನೆರಡನೇ ದಿನ ಹುಬ್ಬಳ್ಳಿಯಿಂದ ಒಂದು ಪತ್ರ ಬಂತು. ಬರೆದವರು ಮಾಲೀಕರ ಅಕ್ಕ. ಮನೆ ಮಾರುವ ವಿಷಯ ಅವರಿಗೆ ಯಾರೂ ಹೇಳಿಯೇ ಇರಲಿಲ್ಲ. ಗೆಳತಿ ದುಡ್ಡು ಕೊಡದೆ ಕಾದಳು. ಅಕ್ಕ ತಮ್ಮ ಇಬ್ಬರೂ ಅದೇ ಮನೆಯ ಜಗಲಿಯಲ್ಲಿ ಕೂತು ಮಾತಾಡಿ ಪಾಲು ತೀರ್ಮಾನ ಮಾಡ್ಕೊಂಡರು. ಎರಡು ತಿಂಗಳು ತಡವಾಗಿ ನೋಂದಣಿ ಆಯ್ತು, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಮೊದಲ ಸಹಿ ಆ ಅಕ್ಕನದೇ.