ಆಟಿಸಂ ಇರುವ ಮಕ್ಕಳ ಹೊಟ್ಟೆಯ ತೊಂದರೆಗೆ ಹತ್ತಿರದಲ್ಲೇ ಚಿಕಿತ್ಸೆ: ಮನವಿ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಥಾಣೆ ಜಿಲ್ಲೆ, ಥಾಣೆ.

ಪ್ರತಿ: ಆಯುಕ್ತರು, ಥಾಣೆ, ಕಲ್ಯಾಣ-ಡೊಂಬಿವಲಿ ಮತ್ತು ನವಿಮುಂಬಯಿ ಮಹಾನಗರಪಾಲಿಕೆಗಳು.

ವಿಷಯ: ಆಟಿಸಂ ಇರುವ ಮಕ್ಕಳ ಜೀರ್ಣಾಂಗ ತೊಂದರೆಗಳಿಗೆ ಪಾಲಿಕೆ ಆಸ್ಪತ್ರೆಗಳಲ್ಲಿ ತಪಾಸಣೆ, ಚಿಕಿತ್ಸೆ ಒದಗಿಸುವ ಕುರಿತು.

ಮಾನ್ಯರೇ,

ಥಾಣೆ, ಕಲ್ಯಾಣ, ಡೊಂಬಿವಲಿ, ನವಿಮುಂಬಯಿ ನಗರಗಳಲ್ಲಿ ನೆಲೆಸಿರುವ, ಆಟಿಸಂ ಇರುವ ಮಕ್ಕಳ ಕನ್ನಡಿಗ ಪೋಷಕರಾದ ನಾವು ಸಲ್ಲಿಸುವ ಮನವಿ. ಮರಾಠಿ ಅನುವಾದವನ್ನು ಲಗತ್ತಿಸಿದ್ದೇವೆ.

ಮಲಬದ್ಧತೆ, ಭೇದಿ, ಹೊಟ್ಟೆನೋವು ಆಟಿಸಂ ಇರುವ ಮಕ್ಕಳಲ್ಲಿ ಇತರರಿಗಿಂತ ಬಹಳ ಹೆಚ್ಚು ಎಂಬುದನ್ನು 2014ರಲ್ಲಿ ‘ಪೀಡಿಯಾಟ್ರಿಕ್ಸ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆ ತೋರಿಸಿದೆ. ಮಾತು ಬಾರದ ಮಗು ನೋವನ್ನು ಹೇಳಲಾರದು. ತಲೆ ಚಚ್ಚಿಕೊಳ್ಳುತ್ತದೆ, ಕೈ ಕಚ್ಚಿಕೊಳ್ಳುತ್ತದೆ, ಹೊಟ್ಟೆಯನ್ನು ಮೇಜಿನ ಅಂಚಿಗೆ ಒತ್ತಿ ನಿಲ್ಲುತ್ತದೆ, ರಾತ್ರಿಯೆಲ್ಲ ನಿದ್ದೆಗೆಡುತ್ತದೆ. ಇದೆಲ್ಲ ಆಟಿಸಂನ ಹಟವೆಂದು ಕೈಬಿಟ್ಟರೆ, ಔಷಧದಿಂದ ನೀಗಬಹುದಾದ ನೋವು ವರ್ಷಗಟ್ಟಲೆ ಉಳಿಯುತ್ತದೆ. ವರ್ತನೆ ಬದಲಾದಾಗ ಹೊಟ್ಟೆಯನ್ನೂ ಪರೀಕ್ಷಿಸಬೇಕೆಂದು 2010ರಲ್ಲೇ ತಜ್ಞರು ಅದೇ ಪತ್ರಿಕೆಯಲ್ಲಿ ಹೇಳಿದ್ದಾರೆ.

ಸದ್ದು, ನೂಕುನುಗ್ಗಲು ತಾಳದ ಮಗುವನ್ನು ಲೋಕಲ್ ರೈಲಿನಲ್ಲಿ ಮುಂಬಯಿಯ ಪರೇಲಿನಲ್ಲಿರುವ ದೊಡ್ಡ ಆಸ್ಪತ್ರೆಗಳವರೆಗೆ ಕರೆದೊಯ್ಯುವುದು ಅನೇಕರಿಗೆ ಆಗದ ಮಾತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ವ್ಯಾಪ್ತಿಗೆ ಆಟಿಸಂ ಸೇರಿದೆ. ಸಮೀಪದಲ್ಲೇ ಆರೋಗ್ಯ ಸೇವೆ, ಚಿಕಿತ್ಸೆಯಲ್ಲಿ ಆದ್ಯತೆ ಕೊಡುವ ಹೊಣೆಯನ್ನು ಅದರ 25ನೇ ಕಲಂ ಸರ್ಕಾರದ ಜೊತೆಗೆ ಸ್ಥಳೀಯ ಸಂಸ್ಥೆಗಳ ಮೇಲೂ ಹೊರಿಸಿದೆ.

ಆದ್ದರಿಂದ ನಮ್ಮ ಬೇಡಿಕೆಗಳು:

1. ಥಾಣೆಯ ಕಳ್ವಾ ಪ್ರದೇಶದ ಛತ್ರಪತಿ ಶಿವಾಜಿ ಮಹಾರಾಜ್ ಆಸ್ಪತ್ರೆ, ಕಲ್ಯಾಣದ ರುಕ್ಮಿಣಿಬಾಯಿ, ಡೊಂಬಿವಲಿಯ ಶಾಸ್ತ್ರಿನಗರ ಹಾಗೂ ವಾಶಿಯ ಪಾಲಿಕೆ ಆಸ್ಪತ್ರೆಗಳಲ್ಲಿ ಮಕ್ಕಳ ವೈದ್ಯರು, ಆಹಾರತಜ್ಞರು, ಥೆರಪಿಸ್ಟರು ಒಟ್ಟಿಗೆ ಕೂರುವ ವಾರದ ಹೊರರೋಗಿ ವಿಭಾಗ ತೆರೆಯಬೇಕು.

2. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಯಲ್ಲಿ ಈ ಮಕ್ಕಳ ಮಲವಿಸರ್ಜನೆ, ಊಟ, ನಿದ್ದೆಗಳ ಬಗ್ಗೆ ಕೇಳಿ, ತೂಕ ನೋಡಿ ದಾಖಲಿಸಬೇಕು.

3. ಇವರನ್ನು ಸರದಿಯಲ್ಲಿ ಕಾಯಿಸದೆ, ಸದ್ದಿಲ್ಲದ ಕೋಣೆಯಲ್ಲಿ ಪರೀಕ್ಷಿಸಬೇಕು.

4. ಹಲವು ಮಕ್ಕಳು ಮೊಸರನ್ನ, ಬಿಸ್ಕತ್ತು ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಅಂಥವರಿಗೆ ಯಾರದೋ ಮಾತು ಕೇಳಿ ಗೋಧಿ, ಹಾಲು ನಿಲ್ಲಿಸಿದರೆ ಪೋಷಣೆಯೇ ಕುಸಿಯುತ್ತದೆ. ಈ ಪಥ್ಯದಿಂದ ಆಟಿಸಂ ಗುಣವಾಗುತ್ತದೆಂಬುದಕ್ಕೆ ಗಟ್ಟಿ ಆಧಾರವಿಲ್ಲ. ಉಚಿತ ಆಹಾರ ಸಲಹೆ ಕೊಡಬೇಕು. ‘ಹೊಟ್ಟೆ ಶುದ್ಧಿಯಿಂದ ಆಟಿಸಂ ಗುಣ’ ಎಂದು ಹಣ ಕೀಳುವವರ ವಿರುದ್ಧ ಕ್ರಮ ಕೈಗೊಳ್ಳಬೇಕು.

5. ನೋವಿನ ಸೂಚನೆಗಳನ್ನು ಗುರುತಿಸಲು ಅಂಗನವಾಡಿ ಸೇವಕಿಯರಿಗೂ ಶಿಕ್ಷಕರಿಗೂ ತರಬೇತಿ ನೀಡಬೇಕು. ಮರಾಠಿ, ಹಿಂದಿ, ಕನ್ನಡಗಳಲ್ಲಿ ಮಾಹಿತಿ ಪತ್ರ ಹಂಚಬೇಕು.

6. ನ್ಯಾಷನಲ್ ಟ್ರಸ್ಟಿನ 1 ಲಕ್ಷ ರೂಪಾಯಿವರೆಗಿನ ‘ನಿರಾಮಯ’ ಆರೋಗ್ಯ ವಿಮೆಗೆ ಅರ್ಜಿ ತುಂಬಿಸುವ ನೆರವನ್ನು ಇದೇ ಆಸ್ಪತ್ರೆಗಳಲ್ಲಿ ಕೊಡಬೇಕು.

ಮೊದಲನೆಯ ಮತ್ತು ಮೂರನೆಯ ಬೇಡಿಕೆಗಳನ್ನು ಈಗಿರುವ ಸಿಬ್ಬಂದಿಯಿಂದಲೇ ಆರಂಭಿಸಬಹುದೆಂಬುದು ನಮ್ಮ ಅನಿಸಿಕೆ. ಮೂರೂ ಪಾಲಿಕೆಗಳ ಆರೋಗ್ಯಾಧಿಕಾರಿಗಳ ಜೊತೆ ಪೋಷಕರ ಸಭೆ ಕರೆದು, ಕೈಗೊಳ್ಳುವ ಕ್ರಮವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.

ತಮ್ಮ ವಿಶ್ವಾಸಿಗಳು,
ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಯ ಕನ್ನಡಿಗ ಪೋಷಕರು