ಬಚ್ಚಲಿನ ಬೆಳಕು, ತಲೆಯ ಮೇಲಿನ ಭಾರ
ಮಹಾರಾಷ್ಟ್ರದ ಉಮರಗಾ, ನಿಲಂಗಾ, ಉದಗೀರ ಕಡೆ ಹೊಸದಾಗಿ ಮನೆ ಕಟ್ಟಿಸುವವರು ಈಗ ಬಚ್ಚಲಮನೆಗೂ ಫಾಲ್ಸ್ ಸೀಲಿಂಗ್ ಮಾಡಿಸಿ, ಅದರೊಳಗೆ ಎಲ್‌ಇಡಿ ದೀಪ ಕೂರಿಸಬೇಕೆನ್ನುತ್ತಾರೆ. ಆಸೆ ತಪ್ಪಲ್ಲ, ಆದರೆ ಖರ್ಚಿನ ಲೆಕ್ಕಕ್ಕಿಂತ ಮೊದಲು ಛಾವಣಿಯ ಭಾರದ ಲೆಕ್ಕ ಹಾಕಬೇಕು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಕಿಲ್ಲಾರಿಯ ಭೂಕಂಪದಲ್ಲಿ ಇದೇ ಸೀಮೆಯ ಕಲ್ಲುಗೋಡೆ, ಮಣ್ಣಿನ ಮಾಳಿಗೆಗಳು ಮಲಗಿದ್ದವರ ಮೇಲೆಯೇ ಕುಸಿದವು. ಇಲ್ಲಿ ತಲೆಯ ಮೇಲೆ ಹಗುರವಾದದ್ದೇ ಇರಲಿ: ಹಬೆಗೆ ಉಬ್ಬುವ ಜಿಪ್ಸಮ್ಮಿಗಿಂತ ಪಿವಿಸಿ ಹಲಗೆ ವಾಸಿ. ಹಳೆಯ ಮಾಳಿಗೆ ಮನೆಯ ಜಂತಿಗೆ ಏನನ್ನೂ ತೂಗುಹಾಕಬೇಡಿ. ಗೋಡೆಯ ದೀಪವೇ ಸಾಕು. 5 ಅಡಿಗೆ 7 ಅಡಿಯ ಬಚ್ಚಲಿಗೆ 6 ವ್ಯಾಟಿನ ಎರಡು ದೀಪ ಧಾರಾಳ. ದಿನಕ್ಕೆ 3 ತಾಸು ಉರಿದರೂ ತಿಂಗಳಿಗೆ ಹೆಚ್ಚುಕಡಿಮೆ ಒಂದೇ ಯೂನಿಟ್. ಒಂದರ ಬೆಳಕು ಕನ್ನಡಿಯ ಎದುರು ನಿಂತವರ ಮುಖಕ್ಕೆ ಬೀಳಲಿ; ನೆತ್ತಿಯ ನೇರಕ್ಕಿಟ್ಟರೆ ಗದ್ದದ ಕೆಳಗೆಲ್ಲ ನೆರಳು, ಗಡ್ಡ ಮಾಡಿಕೊಳ್ಳುವವರಿಗೆ ಕಷ್ಟ. ಇನ್ನೊಂದು ಶವರಿನ ಹತ್ತಿರ. ಅದರ ಡಬ್ಬಿಯ ಮೇಲೆ ಐಪಿ65 ಎಂದಿರಲಿ, ಅಂದರೆ ನೀರಿನ ಧಾರೆ ತಾಗಿದರೂ ತಡೆಯುತ್ತದೆ. ಡ್ರೈವರ್ (ಎಲ್‌ಇಡಿಗೆ ತಕ್ಕ ವಿದ್ಯುತ್ ಒದಗಿಸುವ ಭಾಗ) ಬೇರೆಯಾಗಿರುವ ದೀಪವನ್ನೇ ಕೊಳ್ಳಿ: ಸಾಮಾನ್ಯವಾಗಿ ಮೊದಲು ಕೆಡುವುದು ಅದೇ, ಅದನ್ನಷ್ಟೇ ಬದಲಿಸಿದರಾಯಿತು. ಹಣ ಸಾಲದಿದ್ದರೆ ಸೀಲಿಂಗ್ ಬಿಡಿ, ಸ್ಲ್ಯಾಬಿಗೇ ನೇರ ಕೂರುವ ದೀಪ ಹಾಕಿಸಿ. ಆದರೆ ಅರ್ಥಿಂಗ್ ಮತ್ತು 30 ಮಿಲಿಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಾನೇ ಸಂಪರ್ಕ ಕಡಿಯುವ ಸ್ವಿಚ್) ಎರಡನ್ನೂ ಯಾವ ಕಾರಣಕ್ಕೂ ಬಿಡಬೇಡಿ. ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟುವ ಮಕ್ಕಳನ್ನು ಕಾಯುವುದು ಅವೇ.